ಅಪ್ಪ ಎತ್ತಿಕೊಡುತ್ತಿದ್ದ ಮಾತು

ಕಾರ್ಬನ್ ಕಾಗದದ ವಾಸನೆ ಬಂದರೆ ಇವತ್ತಿಗೂ ನಾನು ಹಾನುಬಾಳಿನ ಆ ಕಾಫಿ ಕಣದಲ್ಲಿರುತ್ತೇನೆ.

ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಅಪ್ಪ ಹಳೆಯ ಫ್ರೆಂಚ್ ಹಾಸ್ಯನಾಟಕವೊಂದನ್ನು ಇಂಗ್ಲಿಷಿನಿಂದ ನಮ್ಮ ಮಾತಿಗೆ ತಂದಿದ್ದರು. ಬರೆದದ್ದನ್ನೆಲ್ಲ ಅಡುಗೆಮನೆಯಲ್ಲಿ ಅಮ್ಮನಿಗೆ ಓದಿ ಹೇಳುತ್ತಿದ್ದರು.

"ಪ್ಯಾರಿಸ್ಸಿನ ಸಾಹುಕಾರ ಹಿಂಗೆ ಮಾತಾಡ್ತಾನೇನ್ರೀ?" ಎಂದು ಅಮ್ಮ ನಗುತ್ತಿದ್ದಳು.

ಆಮೇಲೆ ಕಾರ್ಬನ್ ಇಟ್ಟು, ಪಾತ್ರ ಮಾಡುವ ಎಸ್ಟೇಟಿನವರಿಗೆಲ್ಲ ಪ್ರತಿ ಮಾಡಿದರು. ಸಾಹುಕಾರನ ಪಾತ್ರದ ಮೇಸ್ತ್ರಿ ಪೌಲಣ್ಣನಿಗೆ ಮಾತ್ರ ಓದಲು ಬಾರದು. ತಾಲೀಮಿನಲ್ಲಿ ಅಪ್ಪನೇ ಪರದೆ ಪಕ್ಕ ನಿಂತು ಅವನಿಗೆ ಮಾತು ಎತ್ತಿಕೊಡುತ್ತಿದ್ದರು.

ನಾಟಕಕ್ಕೆ ಇಪ್ಪತ್ತು ದಿನವಿರುವಾಗ ಜೀಪು ಮಗುಚಿ ಅಪ್ಪ ತೀರಿಕೊಂಡರು.

"ರೈಟ್ರ ಆಸೆ ಅದು ಅಮ್ಮಾರೆ, ಆಡ್ಬುಡ್ತೀವಿ," ಎಂದು ಪೌಲಣ್ಣ ಬಂದು ಕೇಳಿದ. ಅಮ್ಮ ಹೂಂ ಎಂದು ತಲೆಯಾಡಿಸಿದಳು. ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ನಿಲ್ಲಲು ಮಾತ್ರ ಯಾರಿಗೂ ಮನಸ್ಸಾಗಲಿಲ್ಲ.

ನಾಟಕದ ದಿನ ಮಧ್ಯಾಹ್ನ, ಕಾಫಿ ಕಣದಲ್ಲಿ ಕಟ್ಟಿದ್ದ ರಂಗದ ಮೇಲೆ, ಸಾಹುಕಾರ ಹೆಂಡತಿಗೆ ಸುಳ್ಳು ಹೇಳಿ ಹೊರಡುವ ದೃಶ್ಯದಲ್ಲಿ ಪೌಲಣ್ಣನಿಗೆ ಮಾತು ಮರೆಯಿತು. ಅಭ್ಯಾಸದಂತೆ ಪರದೆಯತ್ತ ತಿರುಗಿ ಕಾದು ನಿಂತ. ಅಲ್ಲಿ ಯಾರೂ ಇರಲಿಲ್ಲ.

ಚಾಪೆಯ ಮೇಲೆ ನನ್ನ ಪಕ್ಕ ಕೂತಿದ್ದ ಅಮ್ಮ, ಅಪ್ಪನ ಧಾಟಿಯಲ್ಲೇ, ಗಟ್ಟಿಯಾಗಿ ಎತ್ತಿಕೊಟ್ಟಳು:

"ಬಾಗ್ಲು ಹಾಕ್ಕೊಳ್ಳೇ, ಸಂಜಿಕೆ ಬಂದ್ಬುಡ್ತೀನಿ."

ಪೌಲಣ್ಣ ಅದನ್ನೇ ಹೇಳಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮನಿಗೆ ಒರಗಿ ಕೂತಿದ್ದ ನಾನೂ ನಕ್ಕೆ.