ಹಸಿ ವಾಸನೆ ಹೋಗುವವರೆಗೆ

"ಹೊಗೆ ಬಂತೇನ್ರೀ?"

"ಬಂತು."

"ಹೇಗೆ ಬಂತು?"

"ಹೊಗೆ ಹೇಗೆ ಬರುತ್ತೆ? ಮೇಲಕ್ಕೆ ಬಂತು."

ಪ್ಲಾಸ್ಟರ್ ಹಾಕಿದ ಬಲಗಾಲನ್ನು ಎರಡು ದಿಂಬಿನ ಮೇಲಿಟ್ಟುಕೊಂಡು ಆಸ್ಪತ್ರೆಯ ಮಂಚದಲ್ಲಿ ಕೂತಿದ್ದ ಅವಳು ಫೋನನ್ನು ಕಿವಿಯಿಂದ ದೂರ ಹಿಡಿದು ಹಲ್ಲು ಕಚ್ಚಿದಳು. ಪಕ್ಕದ ಮಂಚದ ಟೀಚರಮ್ಮ ಹೊಲಿಗೆ ಹಾಕಿಸಿಕೊಂಡ ಹೊಟ್ಟೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ನಗು ತಡೆದರು. ಮೆಟ್ಟಿಲು ಜಾರಿ ಕಾಲು ಮುರಿದುಕೊಂಡದ್ದಕ್ಕಿಂತ ಈ ನಾಲ್ಕು ದಿನದ ಫೋನೇ ಅವಳನ್ನು ಹೆಚ್ಚು ಸುಸ್ತು ಮಾಡಿತ್ತು.

ಅವಳ ಮನೆಯಿಂದ ದಿನಾ ಹದಿನಾಲ್ಕು ಡಬ್ಬಿ ಊಟ ಹೋಗುತ್ತಿತ್ತು. ಎಂಟು ಪ್ರಿಂಟಿಂಗ್ ಪ್ರೆಸ್ಸಿಗೆ, ಆರು ಗ್ಯಾರೇಜಿಗೆ. ಎಲ್ಲ ಸಾಸಿವೆ ಎಣ್ಣೆಯ ಅಡುಗೆ. ಆ ರುಚಿ ಹುಡುಕಿಕೊಂಡೇ ಅಲ್ಲಿ ಕೆಲಸ ಮಾಡುವ ಉತ್ತರದ ಕಡೆಯ ಹುಡುಗರು ಅವಳ ಬಾಗಿಲಿಗೆ ಬಂದವರು; ಒಂದು ವಾರ ನಿಲ್ಲಿಸಿದರೆ ಇನ್ನೊಂದು ಬಾಗಿಲು ಹುಡುಕುವವರೂ ಹೌದು. "ನಾನಿಲ್ವಾ?" ಎಂದಿದ್ದ ಗಂಡ. ಮೂವತ್ತು ವರ್ಷ ಲೇತ್ ಮಷಿನ್ ಮುಂದೆ ನಿಂತು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದ ಹಾಗೆ ಕಬ್ಬಿಣ ಕಡೆದು ನಿವೃತ್ತನಾದವನು. ಅವನ ಮುಂದೆ ಬದನೆಕಾಯಿ ಯಾವ ಲೆಕ್ಕ?

"ಮೊದಲು ತೆಳ್ಳಗೆ ಹೊಗೆ ಬರುತ್ತೆ, ಅದಕ್ಕೆ ಮೋಸ ಹೋಗ್ಬೇಡಿ," ಎಂದಳು ಈಗ, ಒಂದೊಂದೇ ಮಾತು ಬಿಡಿಸಿ. "ಎಣ್ಣೆ ಬಣ್ಣ ಇಳೀಬೇಕು. ಹಸಿ ವಾಸನೆ ಹೋಗ್ಬೇಕು. ಆಮೇಲೆ ಉರಿ ಆರಿಸಿ. ಸ್ವಲ್ಪ ತಣ್ಣಗಾಗೋಕೆ ಬಿಟ್ಟು, ಮತ್ತೆ ಹಚ್ಚಿ ಈರುಳ್ಳಿ ಹಾಕಿ."

"ಸ್ವಲ್ಪ ಅಂದ್ರೆ ಎಷ್ಟು ನಿಮಿಷ?"

"ಸ್ವಲ್ಪ ಅಂದ್ರೆ ಸ್ವಲ್ಪ!"

"ಅದೊಂದು ಅಳತೆಯೇನೇ?"

ಅವಳು ಕಣ್ಣು ಮುಚ್ಚಿ ಮನಸ್ಸಿನಲ್ಲೇ ತನ್ನ ಒಲೆಯ ಮುಂದೆ ನಿಂತು ನೋಡಿದಳು. ಎಷ್ಟು ನಿಮಿಷ? ಗೊತ್ತಿರಲಿಲ್ಲ. ಎಣ್ಣೆಯನ್ನು ನೋಡುತ್ತ ಅವಳು ಎಂದೂ ನಿಂತವಳೇ ಅಲ್ಲ. ಬೆನ್ನು ತಿರುಗಿಸಿ ತರಕಾರಿ ಹೆಚ್ಚುತ್ತಿದ್ದರೂ ಸರಿಯಾದ ಹೊತ್ತಿಗೆ ಕೈ ತಾನಾಗಿ ಹೋಗಿ ಉರಿ ಆರಿಸುತ್ತಿತ್ತು. ಕೈಗೆ ಗೊತ್ತಿದ್ದದ್ದು ಬಾಯಿಗೆ ಬರುತ್ತಿರಲಿಲ್ಲ. ಆ ಸಿಟ್ಟನ್ನೂ ಅವನ ಮೇಲೆಯೇ ಹಾಕಿ ಫೋನಿಟ್ಟಳು.

ಮೊದಲ ದಿನ ಎಣ್ಣೆ ಕಾಯದೆ, ತಿಂದವರ ಗಂಟಲು ಕೆರೆದು, ಡಬ್ಬಿಗಳು ಅರ್ಧಂಬರ್ಧ ವಾಪಸ್ ಬಂದಿದ್ದವು. ಎರಡನೆಯ ದಿನವೂ ಅದೇ. ಮೂರನೆಯ ದಿನ ಕುದಿಕುದಿಯುವ ಎಣ್ಣೆಗೆ ಬಿದ್ದ ಈರುಳ್ಳಿ ಇದ್ದಿಲಾಗಿತ್ತು. ಇವತ್ತು ಸಂಜೆ ಅವನು ಫೋನ್ ಮಾಡಿದಾಗ ದನಿಯೇ ಸಣ್ಣಗಾಗಿತ್ತು.

"ಗ್ಯಾರೇಜಿನವರು... ಅಕ್ಕ ಹುಷಾರಾಗಿ ಬಂದ್ಮೇಲೆ ಹೇಳಿ, ಅಲ್ಲೀವರೆಗೂ ಬೇಡ ಅಂದ್ರು."

"ಸಾಕು ಬಿಡಿ," ಎಂದಳು ಅವಳು. "ನಾಳೆಯಿಂದ ಒಲೆ ಹಚ್ಚಲೇಬೇಡಿ. ನಿಮ್ಮ ಕೈಗೂ ಬಿಡುವು, ನನ್ನ ಪ್ರಾಣಕ್ಕೂ ಬಿಡುವು."

ಅವನು ಫೋನಿಟ್ಟ.

ಮರುದಿನ ಹತ್ತಾಯಿತು, ಫೋನಿಲ್ಲ. ಹನ್ನೊಂದಾಯಿತು. ಅವಳು ಫೋನನ್ನು ದಿಂಬಿನ ಕೆಳಗಿಟ್ಟಳು, ತೆಗೆದಳು, ಮತ್ತೆ ಇಟ್ಟಳು. "ನೀವೇ ಒಂದು ಸಲ ಮಾಡಿ ನೋಡ್ಬಾರ್ದಾ?" ಎಂದರು ಟೀಚರಮ್ಮ. "ನಾನ್ಯಾಕೆ ಮಾಡ್ಲಿ?" ಎಂದು ಅವಳು ಗೋಡೆ ಕಡೆ ಮುಖ ತಿರುಗಿಸಿದಳು.

ಮಧ್ಯಾಹ್ನ, ರೋಗಿಗಳನ್ನು ನೋಡಲು ಬಿಡುವ ಹೊತ್ತಿಗೆ ಅವನು ಬಂದ. ಕಣ್ಣು ಕೆಂಡದಂತಾಗಿತ್ತು. ಎಡಹುಬ್ಬು ಅರ್ಧ ಸುಟ್ಟಿತ್ತು. ಕೈಯಲ್ಲಿದ್ದ ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟು, ಬಗ್ಗಿ ಅವಳ ಬೆನ್ನ ಹಿಂದಿನ ದಿಂಬು ಸರಿಮಾಡತೊಡಗಿದ. ಅವನ ತಲೆ ಅವಳ ಮೂಗಿನ ಹತ್ತಿರ ಬಂತು. ಅವಳು ಥಟ್ಟನೆ ಅವನ ಕಾಲರ್ ಹಿಡಿದು ನಿಲ್ಲಿಸಿ, ಇನ್ನೊಮ್ಮೆ ಮೂಸಿ ನೋಡಿದಳು. ಮೂಗಿಗೆ ಚುಚ್ಚುವ ಘಾಟಲ್ಲ. ಘಾಟೆಲ್ಲ ಹೋದ ಮೇಲೆ ಉಳಿಯುವ, ಹುರಿದ ಕಾಳಿನಂಥ ಪರಿಮಳ.

"ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ. ಬೆಳಿಗ್ಗೆಯಿಂದ ಐದು ಸಲ ಕಾಯಿಸ್ದೆ. ಫೋನ್ ಆಚೆ ಇಟ್ಟೆ, ಗಡಿಯಾರಾನೂ ಆಚೆ ಇಟ್ಟೆ. ಸುಮ್ನೆ ಒಲೆ ಹತ್ರ ನಿಂತೆ. ಕೊನೇ ಸಲದ್ದು ಸರಿ ಬಂತು. ಪ್ರೆಸ್ಸಿನ ಎಂಟು ಡಬ್ಬಿ ಕಳಿಸಿಯೇ ಬಂದೆ."

"ಅಂದ್ರೆ ನಾಲ್ಕು ಸಲ ಎಣ್ಣೆ ಚೆಲ್ಲಿದ್ರಾ?" ಅವಳ ದನಿಗೆ ನರ್ಸ್ ಬಾಗಿಲಲ್ಲಿ ಇಣುಕಿ ಹೋದಳು.

ಅವಳು ಡಬ್ಬಿ ತೆರೆದು ಆಲೂಗಡ್ಡೆ ಪಲ್ಯವನ್ನು ಬಾಯಿಗಿಟ್ಟಳು. ಎಣ್ಣೆ ಸರಿಯಾಗಿತ್ತು. ಈರುಳ್ಳಿ ಹದವಾಗಿತ್ತು. ಅವನು ಉಸಿರು ಬಿಗಿಹಿಡಿದು ಅವಳ ದವಡೆಯನ್ನೇ ನೋಡುತ್ತಿದ್ದ. ಅವಳು ಎರಡನೆಯ ತುತ್ತನ್ನೂ ತಿಂದಳು.

"ಉಪ್ಪು?"

ಅವನು ಹಣೆ ಚಚ್ಚಿಕೊಂಡ. ಟೀಚರಮ್ಮನಿಗೆ ಈ ಸಲ ಹೊಲಿಗೆಯ ಪರಿವೆಯೂ ಉಳಿಯಲಿಲ್ಲ.

ನಗು ನಿಂತ ಮೇಲೆ ಅವನು ಸ್ಟೂಲಿನ ಮೇಲೆ ಕುಸಿದು ಕೂತ. ತೋಳನ್ನು ಮೂಗಿಗೆ ಹಿಡಿದು ಮುಖ ಕಿವುಚಿದ.

"ತಲೆಗೆ ಸ್ನಾನ ಮಾಡ್ಕೊಂಡೇ ಬಂದೆ. ಅಂಗಿನೂ ಬದಲಾಯಿಸ್ದೆ. ಆದ್ರೂ ಈ ಎಣ್ಣೆ ವಾಸನೆ ಮೈ ಬಿಟ್ಟು ಹೋಗ್ತಿಲ್ಲ ನೋಡು. ನಿನಗೆ ಹೇಗೇ ಹೋಗುತ್ತೆ ಇದು?"

ಅವಳು ಡಬ್ಬಿಯಿಂದ ತಲೆ ಎತ್ತಿ ಅವನನ್ನೇ ನೋಡಿದಳು.

"ಹೋಗುತ್ತೆ ಅಂತ ನಿಮಗೆ ಯಾರು ಹೇಳಿದ್ರು?"