ಶುಕ್ರವಾರದ ಡ್ಯೂಟಿ

ನೋವಿನ ಮುಲಾಮಿನ ವಾಸನೆ ಬಂದರೆ ಈಗಲೂ ನನಗೆ ಗಲ್ಫಿನ ಅಲ್ ಐನ್‌ ಊರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಆ ಚಳಿಗಾಲವಿಡೀ ಶುಕ್ರವಾರ ಡ್ಯೂಟಿ ಎಂದು ಹೋದವಳು ಮೈಯೆಲ್ಲ ಮುಲಾಮು ನಾರುತ್ತಾ ಮನೆಗೆ ಬರುತ್ತಿದ್ದಳು. ಚೀಲದಲ್ಲಿದ್ದ ಯೂನಿಫಾರ್ಮಿನ ಇಸ್ತ್ರಿ ಕೂಡ ಕೆಟ್ಟಿರುತ್ತಿರಲಿಲ್ಲ. "ಇದೆಂತ ಡ್ಯೂಟಿಯೋ" ಎನ್ನುತ್ತಿದ್ದ ಅಪ್ಪ ಅವತ್ತು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಅವಳ ಟ್ಯಾಕ್ಸಿಯ ಹಿಂದೆಯೇ ಹೊರಟರು.

ಟ್ಯಾಕ್ಸಿ ಒಂದು ಮೈದಾನದ ಎದುರು ನಿಂತಿತು. ಸ್ವಲ್ಪ ಹೊತ್ತಿಗೆ ಅಮ್ಮ ಚಡ್ಡಿ ತೊಟ್ಟು, ತನ್ನ ಆಸ್ಪತ್ರೆಯ ಐರಿಶ್ ನರ್ಸುಗಳ ಜೊತೆ ಚೆಂಡನ್ನು ಕೈಯಲ್ಲಿ ಹಿಡಿದು ಓಡತೊಡಗಿದಳು. ಅದು ಐರ್ಲೆಂಡಿನ ಆಟ ಗೇಲಿಕ್ ಫುಟ್‌ಬಾಲ್, ಇವತ್ತು ಕ್ಲಬ್ ಚಾಂಪಿಯನ್‌ಶಿಪ್ಪಿನ ಫೈನಲ್ ಎಂದು ಬೇಲಿಯ ಬಳಿಯಿದ್ದ ಹೆಂಗಸೊಬ್ಬಳು ಹೇಳಿದಳು. ಅಪ್ಪ ಆಟ ನೋಡಲಿಲ್ಲ. ಮೈದಾನದಲ್ಲಿದ್ದ ಒಬ್ಬನೇ ಗಂಡಸು ರೆಫರಿಯನ್ನು ತೋರಿಸಿ, "ಆ ಸೀಟಿ ಊದುವವ ಯಾರು?" ಎಂದು ಕೇಳಿದರು.

ಯಾರೋ ಡಿಕ್ಕಿ ಹೊಡೆದು ಅಮ್ಮ ಬಿದ್ದಳು. ಏಳುವಾಗ ನಮ್ಮನ್ನು ಕಂಡಳು.

"ಬಾ ಇಲ್ಲಿ" ಎಂದರು ಅಪ್ಪ.

ಅಮ್ಮ ಒಂದು ಕ್ಷಣ ನಿಂತು, ಚೆಂಡಿನ ಕಡೆ ಓಡಿದಳು.

ಅವಳ ತಂಡ ಸೋತಿತು. ಮನೆಗೆ ಮರಳುವಾಗ ಸಿಗ್ನಲ್‌ನಲ್ಲಿ ಅಪ್ಪ ಬಾಯಿಬಿಟ್ಟರು. "ಹೇಳಿದ್ರೆ ನಾನೇ ಕಳಿಸ್ತಿರ್ಲಿಲ್ವಾ?"

"ಕಳಿಸ್ತಿದ್ರಾ?" ಎಂದಳು ಅಮ್ಮ.

ಹಸಿರು ದೀಪ ಬಿತ್ತು. ಹಿಂದಿನ ಕಾರುಗಳು ಹಾರ್ನ್ ಹೊಡೆಯುತ್ತಲೇ ಇದ್ದರೂ ನಮ್ಮ ಕಾರು ಅಲ್ಲೇ ನಿಂತಿತ್ತು.