ಸಾಲಕ್ಕೆ ಕಾರಣ

“ಈ ಸಾಲ ಯಾಕ ತಗೊಂಡ್ರಿ, ಅವ್ವಾರ?” ಎಂದು ಕೇಳಿದವನು ಮುಂದಿದ್ದ ಅರ್ಜಿಯಿಂದ ಇನ್ನೂ ತಲೆ ಎತ್ತಿರಲಿಲ್ಲ.

“ನೀವು ಸೀರಿ ರೊಕ್ಕಾ ಕೊಡಲಿಲ್ಲಲ್ಲ, ಅದಕ್ಕ,” ಎಂದಳು ವೀರವ್ವ.

ಶಶಿಕಾಂತನ ಪೆನ್ನು ನಿಂತಿತು. ರೋಣದ ಬಸ್ ನಿಲ್ದಾಣದ ಎದುರು, ಔಷಧದಂಗಡಿಯ ಮೇಲಿನ ಈ ಕೋಣೆಗೆ ಇಟಗಿ, ಅಸೂಟಿ, ಮೆಣಸಗಿಯಿಂದೆಲ್ಲ ಜನ ಬರುತ್ತಿದ್ದರು. ಫೈನಾನ್ಸಿನವರ ಕಾಟ ಬಿಡಿಸುವ ಅವನನ್ನು ಎಲ್ಲರೂ ‘ಸಾಲದ ಸರ್’ ಎಂದೇ ಕರೆಯುತ್ತಿದ್ದರು. ಸೊಸೆ ಸುಧಾರಾಣಿ ಆ ಹೆಸರು ಹೇಳಿಯೇ ವೀರವ್ವನನ್ನು ಗಜೇಂದ್ರಗಡದಿಂದ ಬಸ್ಸು ಹತ್ತಿಸಿ ಕರೆತಂದಿದ್ದಳು. ಆದರೆ ಬಾಗಿಲಲ್ಲಿ ಕಾಲಿಟ್ಟ ಕೂಡಲೇ ವೀರವ್ವನಿಗೆ ಗುರುತು ಹತ್ತಿತು. ಗಜೇಂದ್ರಗಡದ ಸೀರೆ ಅಂಗಡಿಯ ಸಾವಕಾರ ಇವನು. ಏಳು ವರ್ಷದ ಹಿಂದೆ ಅವಳು ನೇಯ್ದ ಹದಿನಾಲ್ಕು ಸೀರೆ ಒಯ್ದು, ದೀಪಾವಳಿ ಕಳೆಯುವುದರೊಳಗೆ ಅಂಗಡಿಯ ಶಟರ್ ಎಳೆದವನು. ಅಲ್ಲಿಂದಲೇ ತಿರುಗಿ ಹೋಗಿಬಿಡುತ್ತಿದ್ದಳು. ಆದರೆ ಹಾಗೆ ಹೋದರೆ ಸಂಜೆಗೆ ಮತ್ತೆ ಮನೆಗೆ ಫೈನಾನ್ಸಿನವರು ಬರುತ್ತಾರಲ್ಲ ಎಂದು ಕುರ್ಚಿ ಎಳೆದುಕೊಂಡು ಕೂತಿದ್ದಳು.

“ವೀರವ್ವಾರ…” ಶಶಿಕಾಂತ ಕನ್ನಡಕ ತೆಗೆದಿಟ್ಟ. “ಆಗ ನಂಗೂ ಭಾಳ ಲುಕ್ಸಾನ ಆಗಿತ್ರಿ. ಅಂಗಡಿ ಹೋತು, ಮನಿ ಹೋತು. ವಿಷಾ ತಗೊಂಡು ದವಾಖಾನ್ಯಾಗ ಬಿದ್ದಿದ್ದೆ. ಒಬ್ಬರೂ ನನ್ನ ಕೈ ಹಿಡೀಲಿಲ್ಲ. ನನ್ನ ಗತಿ ಮತ್ತೊಬ್ಬರಿಗೆ ಬರಬಾರದಂತನ ಈ ಕೆಲಸಾ ಹಿಡದೀನಿ.”

ಈ ಮಾತು ಅವನ ಬಾಯಿಗೆ ಚೆನ್ನಾಗಿ ರೂಢಿಯಾಗಿತ್ತು. ಎಲ್ಲೆಲ್ಲಿ ಆಡಿದ್ದನೆಂಬುದನ್ನು ಗೋಡೆಯ ಫೋಟೊಗಳೇ ಹೇಳುತ್ತಿದ್ದವು: ಮೈಕು, ಹಾರ, ಶಾಲು. ನಡುವೆ ಅವನ ಸಾಲ ಚುಕ್ತಾ ಆಯಿತೆಂದು ಬ್ಯಾಂಕು ಕೊಟ್ಟ ಪತ್ರಕ್ಕೂ ಒಂದು ಕಟ್ಟು ಹಾಕಿಸಿದ್ದ. ಸುಧಾರಾಣಿ ಅದನ್ನು ಮೆಲ್ಲಗೆ ಅತ್ತೆಗೆ ಓದಿ ಹೇಳಿದಳು. ವೀರವ್ವನಿಗೆ ಅಂಗಾಲಿನಿಂದ ನೆತ್ತಿಯ ತನಕ ಉರಿದುಹೋಯಿತು.

“ಒಬ್ಬರೂ ಹಿಡೀಲಿಲ್ಲೇನ್ರಿ?” ದನಿ ಏರಿಸಲಿಲ್ಲ ಅವಳು. “ನಮ್ಮ ಓಣ್ಯಾಗ ಹನ್ನೊಂದು ಮನಿಗೆ ನೀವು ರೊಕ್ಕಾ ಕೊಡೂದಿತ್ತು. ನೀವು ವಿಷಾ ತಗೊಂಡ ಸುದ್ದಿ ಬಂದ ದಿನಾ ನಮ್ಮ ಮನ್ಯಾರು ಹನ್ನೊಂದೂ ಮನಿ ತಿರಗ್ಯಾಡಿದ್ರು. ಯಾರೂ ಅವರನ್ನ ಕೇಳಾಕ ಹೋಗಬ್ಯಾಡ್ರಿ, ಮೊದಲ ಜೀವಾ ಉಳೀಲಿ ಅಂದ್ರು. ಒಬ್ಬರೂ ಬಾಯಿ ಬಿಡಲಿಲ್ಲ. ಮುಂದ ಎರಡು ತಿಂಗಳಿಗೆ ನಮ್ಮ ಮನ್ಯಾರದ ಹೊಟ್ಟಿ ಆಪರೇಶನ್ ಬಂತು. ಮನ್ಯಾಗ ನೂರು ರೂಪಾಯಿ ಇರಲಿಲ್ಲ. ಫೈನಾನ್ಸಿನ್ಯಾಗ ತಗೊಂಡಿವಿ. ಅದನ್ನ ತೀರಸಾಕ ಇನ್ನೊಂದು, ಇನ್ನೊಂದನ್ನ ತೀರಸಾಕ ಮತ್ತೊಂದು.”

ಶಶಿಕಾಂತ ತಲೆ ಬಗ್ಗಿಸಿ ಅರ್ಜಿಯಲ್ಲಿ ಏನೋ ಬರೆದ. ಸುಧಾರಾಣಿ ಕತ್ತು ಚಾಚಿ ಓದಿದಳು. “ಅತ್ತಿ, ಕಾರಣ ದವಾಖಾನಿ ಖರ್ಚು ಅಂತ ಬರದಾರ.”

“ಅದನ್ನ ಹೊಡೀರಿ,” ಎಂದಳು ವೀರವ್ವ. “ನಾ ಹೇಳಿದ್ದು ಬರೀರಿ.”

ಅವನು ಗೀಟು ಎಳೆದ. ಬರೆಯಲಿಲ್ಲ.

“ಬ್ಯಾಂಕಿನವರಿಗೆ ಹ್ಯಾಂಗ ಮುಟ್ಟಿಸಿದ್ರಿ ಮತ್ತ?” ವೀರವ್ವ ಗೋಡೆಯ ಆ ಪತ್ರದ ಕಡೆ ಕೈ ಮಾಡಿದಳು.

“ಅವರು ನೋಟೀಸ್ ಕೊಟ್ಟಿದ್ರಿ. ಕೋರ್ಟು ಅಂತಿದ್ರು…”

“ಅಂದ್ರ ನಿಮಗ ಹೆದರಿಸಿದವರಿಗೆ ಕೊಟ್ರಿ. ನಿಮ್ಮ ಸಲುವಾಗಿ ಹೆದರಿದವರಿಗೆ ಕೊಡಲಿಲ್ಲ.”

ಅಷ್ಟರಲ್ಲಿ ಸುಧಾರಾಣಿಯ ಕೈಯಲ್ಲಿದ್ದ ಫೋನು ಬಡಿದುಕೊಳ್ಳತೊಡಗಿತು. ಫೈನಾನ್ಸಿನವನು. ನಿನ್ನೆ ಬೂಟುಗಾಲಿನಲ್ಲೇ, ನೇಯುವವರು ಕಾಲಿಳಿಬಿಟ್ಟು ಕೂರುವ ಮಗ್ಗದ ಕುಣಿಗೆ ಇಳಿದು, ರೊಕ್ಕ ಬರುವ ತನಕ ಒಂದು ಎಳೆಯೂ ನೇಯಬಾರದು ಎಂದು ಕತ್ತಲಾಗುವ ತನಕ ಅಲ್ಲೇ ಕೂತವನು. ಅದನ್ನೆಲ್ಲ ಸುಧಾರಾಣಿ ಅರ್ಜಿಯಲ್ಲಿ ಮೊದಲೇ ಹೇಳಿ ಬರೆಸಿದ್ದಳು. ಶಶಿಕಾಂತ ಕೈ ಚಾಚಿ ಫೋನು ಇಸಿದುಕೊಂಡ.

“ಬೂಟು ಹಾಕ್ಕೊಂಡು ಮಗ್ಗದಾಗ ಕುಂತಾವ ನೀನ ಏನು? ಹೆಸರು ಹೇಳು. ಹೇಳೂದಿಲ್ಲಾ? ನಿಮ್ಮ ಮ್ಯಾನೇಜರ್ ಹೇಳತಾನ ತಗೋ. ಇನ್ನೊಮ್ಮೆ ಆ ಹೊಸ್ತಿಲಾ ತುಳದ್ರ ಠಾಣ್ಯಾಗ ನಿನ್ನ ಹೆಸರಲೆ ದೂರು ಇರತೈತಿ. ಏನ ಕೇಳೂದಿದ್ರೂ ಕಾಗದದ ಮ್ಯಾಲ ಬರದು ನನಗ ಕಳಸು.”

ಆ ಕಡೆಯ ದನಿ ಮೊದಲು ಜೋರಾಗಿತ್ತು, ಆಮೇಲೆ ‘ಸರ್, ಸರ್’ ಎನ್ನತೊಡಗಿತು. ಅರ್ಧ ತಾಸಿನಲ್ಲಿ ಶಶಿಕಾಂತ ಠಾಣೆಗೊಂದು, ಫೈನಾನ್ಸಿಗೊಂದು ಪತ್ರ ಬರೆದು ವೀರವ್ವನ ಹೆಬ್ಬೆಟ್ಟು ಹಾಕಿಸಿದ. ತಿಂಗಳಿಗೆ ಎಷ್ಟು ಕಟ್ಟಬಹುದು ಎಂದು ಸುಧಾರಾಣಿಯನ್ನು ಕೂರಿಸಿಕೊಂಡು ತಿಳಿಸಿ ಹೇಳಿದ. ಎಷ್ಟೋ ದಿನದ ಮೇಲೆ ಸೊಸೆ ನೆಟ್ಟಗೆ ಉಸಿರಾಡಿದ್ದನ್ನು ವೀರವ್ವ ನೋಡಿದಳು. ಕೆಲಸ ಬಲ್ಲವನೇ, ಅನುಮಾನವಿಲ್ಲ. ಅದಕ್ಕೇ ಅವಳ ಸಿಟ್ಟು ಇಳಿಯುವ ಬದಲು ಹೆಚ್ಚಾಯಿತು. ಇಷ್ಟೆಲ್ಲ ಕಲಿತವನು ಏಳು ವರ್ಷದಲ್ಲಿ ಒಮ್ಮೆಯೂ ತಮ್ಮ ಓಣಿಗೆ ಬಂದಿರಲಿಲ್ಲ.

“ನಿಮ್ಮದು ನಾ ಕೊಟ್ಟಬಿಡತೀನ್ರಿ,” ಎಂದ ಅವನು, ಅವಳ ಮುಖ ನೋಡದೆ. “ಯಾರಿಗೂ ಹೇಳಬ್ಯಾಡ್ರಿ, ಅಷ್ಟ.”

“ನಂದೊಂದ ಬ್ಯಾಡ. ಹನ್ನೊಂದೂ ಮನೀದು ತಗೊಂಡು ಓಣಿಗೆ ಬರ್ರಿ. ಹಗಲಿನ್ಯಾಗ ಬರ್ರಿ.”

ಅವನು ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದ. ವೀರವ್ವ ಸೊಸೆಯ ಕಡೆ ತಿರುಗಿದಳು. “ಇವರ ಫೀ ಎಷ್ಟಂತ ಕೇಳು.”

“ಮುನ್ನೂರಂತ, ಅತ್ತಿ.”

“ಅಯ್ಯ, ನಿಮ್ಮ ಕಡೆ ಹ್ಯಾಂಗ ತಗೊಳ್ಳಲ್ರಿ,” ಎಂದು ಶಶಿಕಾಂತ ಎರಡೂ ಕೈ ಹಿಂದೆ ಎಳೆದುಕೊಂಡ.

ವೀರವ್ವ ಎಲೆಅಡಿಕೆ ಚೀಲದ ಒಳಖಾನೆಯಿಂದ ಮೂರು ನೋಟು ತೆಗೆದು, ಮಡಿಕೆ ಬಿಡಿಸಿ, ಮೇಜಿನ ಮೇಲಿಟ್ಟಳು.

“ಇವತ್ತ ನೀವು ನಮ್ಮ ಸಲುವಾಗಿ ದುಡದೀರಿ. ದುಡಿಸಿಕೊಂಡು ಮಜೂರಿ ಕೊಡದ ಹೋಗೂ ಪೈಕಿ ನಾವಲ್ಲ. ತಗೋರಿ.”

ಹೊರಗೆ ಜನ ಕಾದಿದ್ದರು. ಗಜೇಂದ್ರಗಡದ ಬಸ್ಸು ಹೊರಡುವ ಹೊತ್ತಾಗಿತ್ತು. ಅವನು ಕೈಯಾರೆ ಆ ನೋಟು ಎತ್ತಿಕೊಳ್ಳುವ ತನಕ ವೀರವ್ವ ಕುರ್ಚಿ ಬಿಟ್ಟು ಏಳಲಿಲ್ಲ.